ಬ್ರಸೆಲ್ಸ್‌ನಲ್ಲಿ ಮೂರು ದಿನ: ಒಳ್ಳೆಯ ಚಾಕೊಲೇಟ್ ಅಂಗಡಿಯನ್ನು ಗುರುತಿಸುವುದು ಹೇಗೆ?

ಕುವೆಂಪುನಗರದವಳು

ನಮಸ್ಕಾರ. ಅಕ್ಟೋಬರ್ ಎರಡನೆಯ ವಾರ ನಮ್ಮ ಯಜಮಾನರಿಗೆ ಬ್ರಸೆಲ್ಸ್‌ನಲ್ಲಿ ಮೂರು ದಿನದ ಕೆಲಸವಿದೆ. ಜೊತೆಗೆ ನಾನೂ ಹೊರಟಿದ್ದೇನೆ. ಅವರು ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹಗಲೆಲ್ಲ ನಾನೊಬ್ಬಳೇ. ಆ ಊರಿನಲ್ಲಿ ಏನೇನು ನೋಡಬೇಕು ಎಂದು ಎಲ್ಲರೂ ಪಟ್ಟಿ ಬರೆದುಕೊಡುತ್ತಿದ್ದಾರೆ. ನೋಡುತ್ತೇನೆ. ಆದರೆ ನಾನು ಬ್ಯಾಂಕಿಗೆ ರಜೆ ಹಾಕಿ ಹೊರಟಿರುವುದು ಚಾಕೊಲೇಟಿಗೋಸ್ಕರ. ಮನೆಯಲ್ಲಿ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಕೇಳುವುದಕ್ಕೆ ಕಾರಣವಿದೆ. ಐದು ವರ್ಷದ ಹಿಂದೆ ಯೂರೋಪಿನ ಇನ್ನೊಂದು ಊರಿಗೆ ಹೋಗಿದ್ದಾಗ, ಕೊನೆಯ ಸಂಜೆ ಹೋಟೆಲಿನ ಎದುರಿಗಿದ್ದ ಅಂಗಡಿಗೆ ನುಗ್ಗಿ, ರಿಬ್ಬನ್ ಕಟ್ಟಿದ ಹನ್ನೊಂದು ಡಬ್ಬಿ ತಂದಿದ್ದೆ. ಮೈಸೂರಿನಲ್ಲಿ ತೆರೆದರೆ ಮೇಲೆಲ್ಲ ವಿಭೂತಿ ಬಳಿದ ಹಾಗೆ ಬೆಳ್ಳಗೆ. ಬಾಯಿಗಿಟ್ಟರೆ ಮೇಣದಬತ್ತಿ. ನನ್ನ ನಾದಿನಿ ಒಂದನ್ನು ಅರ್ಧ ಕಚ್ಚಿ, ‘ಆಮೇಲೆ ತಿನ್ನುತ್ತೇನೆ’ ಎಂದು ಉಳಿದರ್ಧವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಆ ಕರವಸ್ತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಸಲ ಹಾಗಾಗಬಾರದು. ಅತ್ತೆಗೆ 78 ವರ್ಷ. ಮೊಟ್ಟೆ ಆಗದು, ಮದ್ಯದ ವಾಸನೆಯೂ ಆಗದು, ಆದರೆ ಸಿಹಿ ಎಂದರೆ ಪ್ರಾಣ. ಶಾಖೆಯಲ್ಲಿ 19 ಜನ, ಅವರಿಗೆ ತಲೆಗೆ ಎರಡಾದರೂ ಬೇಕು. ಇವೆರಡೂ ಮುಗಿದ ಮೇಲೆ ನನಗೇ ಎಂದು, ಯಾರಿಗೂ ಹಂಚದೆ ತಿನ್ನಲು ಒಂದಿಷ್ಟು ಬೇಕು. ನಕ್ಷೆಯಲ್ಲಿ ಹುಡುಕಿದರೆ ಹೆಜ್ಜೆಗೊಂದು ಚಾಕೊಲೇಟ್ ಅಂಗಡಿ ತೋರಿಸುತ್ತಿದೆ. ಎಲ್ಲಕ್ಕೂ ನಾಲ್ಕೂವರೆ ನಕ್ಷತ್ರ. ಹಾಗಾದರೆ ಒಳ್ಳೆಯದು ಯಾವುದು, ಪ್ರವಾಸಿಗರಿಗೆ ಟೋಪಿ ಹಾಕುವುದು ಯಾವುದು? ನನಗೆ ಫ್ರೆಂಚ್ ಬರುವುದಿಲ್ಲ.

ಆತುರಗಾರ

ಇಷ್ಟೊಂದು ಯೋಚನೆ ಏಕೆ? ಯಾವುದಾದರೂ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಆನೆಯ ಚಿತ್ರವಿರುವ ಕೋತ್ ದೋರ್ ಚಾಕೊಲೇಟ್ ಪಟ್ಟಿಗಳನ್ನು ಇಪ್ಪತ್ತು ತೆಗೆದುಕೊಳ್ಳಿ, ಕೆಲಸ ಮುಗಿಯಿತು. 1883ರಿಂದ ಇರುವ ಹೆಸರು. ಬೆಲ್ಜಿಯಂನವರು ಮನೆಯಲ್ಲಿ ತಿನ್ನುವುದು ಅದನ್ನೇ. ಉಳಿದದ್ದೆಲ್ಲ ಡಬ್ಬಿಗೂ ರಿಬ್ಬನ್ನಿಗೂ ಕೊಡುವ ದುಡ್ಡು.

ಲೂವೆನ್ ವಾಸಿ

ಆತುರಗಾರರೇ, ಆನೆ ಪಟ್ಟಿಯ ಬಗ್ಗೆ ನನಗೂ ಗೌರವವಿದೆ, ನಮ್ಮ ಮನೆಯ ಕಪಾಟಿನಲ್ಲೂ ಇದೆ. ಆದರೆ ಮೈಸೂರಿಗೆ ಬಂದವರಿಗೆ ‘ಸಕ್ಕರೆ ಕೊಂಡು ತಿನ್ನಿ, ಮೈಸೂರು ಪಾಕಿನಲ್ಲೂ ಇರುವುದು ಅದೇ’ ಎಂದು ಹೇಳಿ ಕಳುಹಿಸುತ್ತೇವೆಯೇ?

ಮೇಡಂ, ನಾನು ಹನ್ನೊಂದು ವರ್ಷದಿಂದ ಇಲ್ಲೇ, ಬ್ರಸೆಲ್ಸ್ ಪಕ್ಕದ ಲೂವೆನ್‌ನಲ್ಲಿದ್ದೇನೆ. ಊರಿನಿಂದ ಬಂದವರನ್ನೆಲ್ಲ ಇದೇ ಸುತ್ತಿಗೆ ಕರೆದುಕೊಂಡು ಹೋಗಿ ಬಾಯಿಪಾಠವಾಗಿದೆ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ಐದು ನಿಮಿಷ ಕೆಳಗೆ ನಡೆದರೆ ಗಾಜಿನ ಮಾಡಿನ ಹಳೆಯ ಅಂಗಡಿ ಸಾಲು ಸಿಗುತ್ತದೆ, ಸೇಂಟ್ ಹ್ಯೂಬರ್ಟ್ ಗ್ಯಾಲರಿ, 1847ರಲ್ಲಿ ತೆರೆದದ್ದು. ಮಳೆ ಬಂದರೂ ನೆನೆಯದೆ ಸುತ್ತಬಹುದು, ಮಳೆ ಬಂದೇ ಬರುತ್ತದೆ. ಅಲ್ಲಿರುವ ನಾಯ್‌ಹೌಸ್ ಎಂಬ ಚಾಕೊಲೇಟ್ ಅಂಗಡಿ ಶುರುವಾದದ್ದು 1857ರಲ್ಲಿ, ಔಷಧದಂಗಡಿಯಾಗಿ. ಆ ಮನೆತನದ ಮೊಮ್ಮಗ 1912ರಲ್ಲಿ ಚಾಕೊಲೇಟಿನ ಚಿಪ್ಪಿನೊಳಗೆ ಹೂರಣ ತುಂಬಿದ. ಅದಕ್ಕೆ ಇಲ್ಲಿ ಪ್ರಲೀನ್ ಎನ್ನುತ್ತಾರೆ. ಪ್ರಲೀನ್‌ಗಳನ್ನು ಕೋನಾಕಾರದ ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ ಒಂದರ ಮೇಲೊಂದು ಬಿದ್ದು ಜಜ್ಜಿಹೋಗುತ್ತಿದ್ದವು. ಅವನ ಹೆಂಡತಿ 1915ರಲ್ಲಿ ರಟ್ಟಿನ ಗಟ್ಟಿ ಡಬ್ಬಿಯನ್ನು ರೂಪಿಸಿದಳು. ಅದರ ಹೆಸರು ಬಾಲೊತಾಂ. ಇವತ್ತು ಬೆಲ್ಜಿಯಂನ ಯಾವ ಅಂಗಡಿಯಲ್ಲಿ ಕೇಳಿದರೂ ಅದೇ ಡಬ್ಬಿಯಲ್ಲಿ ತುಂಬಿಕೊಡುತ್ತಾರೆ. ಹೂರಣ ತುಂಬಿದ ಗಂಡನಿಗಿಂತ ಡಬ್ಬಿ ಮಡಿಸಿದ ಹೆಂಡತಿಯೇ ಜಾಣೆ ಎಂದು ನನ್ನ ಅಭಿಪ್ರಾಯ.

ಅಲ್ಲಿಂದ ಮತ್ತೆ ಸ್ಟೇಷನ್ ಕಡೆಗೆ ಹತ್ತಿದರೆ ರಾವೆನ್‌ಸ್ಟೈನ್ ರಸ್ತೆಯಲ್ಲಿ ಲೊರಾಂ ಜರ್ಬೊ ಅವರ ಅಂಗಡಿ. ಒಣ ಹಣ್ಣು, ಶುಂಠಿ, ಅಂಜೂರಗಳನ್ನು ಕಪ್ಪು ಚಾಕೊಲೇಟಿನಲ್ಲಿ ಅದ್ದುವುದರಲ್ಲಿ ಅವರದ್ದು ಎತ್ತಿದ ಕೈ. ಇನ್ನೂ ಮೇಲೆ ಹೋದರೆ ಗ್ರಾಂ ಸಾಬ್ಲೋಂ ಚೌಕ. 1910ರಿಂದ ಇರುವ ವಿಟಮರ್, ಪಿಯರ್ ಮಾರ್ಕೊಲಿನಿ, ಇನ್ನೂ ಕೆಲವರು ಅಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದಾರೆ. ರ್‍ಯೂ ರಾಯಲ್‌ನಲ್ಲಿ ಮೇರಿ ಎಂಬ ಅಂಗಡಿಯಿದೆ. 1919ರಲ್ಲಿ ಮೇರಿ ಡೆಲ್ಯುಕ್ ಎಂಬಾಕೆ ತೆರೆದದ್ದು, ಅರಮನೆಗೆ ಸರಬರಾಜು ಮಾಡುವ ಅಂಗಡಿ. ಹಳೆಯ ಕಾಲದ ಅಲಂಕಾರ ನೋಡಬೇಕೆಂದರೆ ಅಲ್ಲಿಗೆ ಹೋಗಿ.

ಉಚ್ಚೆ ಹುಯ್ಯುವ ಹುಡುಗನ ಪುಟ್ಟ ವಿಗ್ರಹವಿದೆಯಲ್ಲ, ಅದರ ಸುತ್ತಮುತ್ತ ‘ಮೂರು ಡಬ್ಬಿಗೆ ಇಷ್ಟು’ ಎಂದು ರಾಶಿ ಹಾಕಿದಲ್ಲಿ ನಿಲ್ಲಬೇಡಿ. ವಿಗ್ರಹ ನೋಡಿ, ಅಷ್ಟೇ ಏನು ಎಂದುಕೊಂಡು ಮುಂದೆ ಹೋಗಿ.

ಅತ್ತೆಯವರ ವಿಷಯ. ಬೆರಳು ತೋರಿಸಿ ‘ಸಾಂಜ್ ಆಲ್ಕೋಲ್?’ ಎಂದರೆ ಮದ್ಯವಿಲ್ಲದ್ದೇ ಎಂದು ಕೇಳಿದಂತೆ. ಅಷ್ಟು ಫ್ರೆಂಚ್ ಸಾಕು, ಉಳಿದದ್ದಕ್ಕೆ ಇಂಗ್ಲಿಷ್ ನಡೆಯುತ್ತದೆ. ಅಡ್ವೊಕಾಟ್ ಎಂಬ ಹೂರಣವನ್ನು ಮಾತ್ರ ದೂರವಿಡಿ, ಮೊಟ್ಟೆ ಮತ್ತು ಮದ್ಯ ಎರಡೂ ಒಂದೇ ಗುಳಿಗೆಯಲ್ಲಿ ಸಿಗುತ್ತವೆ. ಗಿಮೋವ್ ಎಂಬ ಮೆತ್ತನೆಯ ಸಿಹಿಯಲ್ಲಿ ಜೆಲಾಟಿನ್ ಇರುತ್ತದೆ. ನೇರಳೆ ಬಣ್ಣದ ಮೂಗಿನಂಥ ಕ್ಯೂಬರ್‌ಡಾನ್ ನೋಡಲು ಚೆಂದ, ಅದರಲ್ಲೂ ಜೆಲಾಟಿನ್ ಇರುವುದುಂಟು, ಕೇಳಿಕೊಳ್ಳಿ. ಯಾವ ತಲೆನೋವೂ ಬೇಡವೆಂದರೆ ಒರಾಂಜೆಟ್ ತೆಗೆದುಕೊಳ್ಳಿ. ಕಿತ್ತಳೆ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಕಪ್ಪು ಚಾಕೊಲೇಟಿನಲ್ಲಿ ಅದ್ದಿದ್ದು.

ತೋಟದಮನೆ, ಪುತ್ತೂರು ತಾಲೂಕು

ಲೂವೆನ್‌ನವರು ದಾರಿ ಹೇಳಿದ್ದಾರೆ. ನಾನು ಬೀಜದ ಕಡೆಯಿಂದ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ನಮ್ಮದು ಅಡಿಕೆ ತೋಟ. ನಡುವೆ ಸುಮಾರು ಮುನ್ನೂರು ಕೊಕ್ಕೊ ಗಿಡ. ಎಪ್ಪತ್ತರ ದಶಕದಲ್ಲಿ ತಂದೆ ನೆಟ್ಟದ್ದು. ಕೊಳ್ಳುತ್ತೇವೆ ಎಂದು ನೆಡಿಸಿದವರು ಒಂದು ದಿನ ಕೊಳ್ಳುವುದನ್ನು ನಿಲ್ಲಿಸಿದಾಗ ನೆರೆಕರೆಯವರು ಗಿಡ ಕಡಿದರು. ನಮ್ಮ ತಂದೆ ಸೋಮಾರಿತನದಿಂದ ಕಡಿಯಲಿಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬೀಜ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ಶುರುವಾದ ಮೇಲೆ ಅವರ ಸೋಮಾರಿತನಕ್ಕೆ ದೂರದೃಷ್ಟಿ ಎಂಬ ಹೆಸರು ಬಂತು. ನಾನು ಹುಡುಗನಾಗಿದ್ದಾಗ ಕೊಕ್ಕೊ ಹಣ್ಣು ಒಡೆದು, ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪಿ ಬೀಜ ಉಗುಳುತ್ತಿದ್ದೆವು. ಚಾಕೊಲೇಟ್ ಎಂದರೆ ನನಗೆ ಅದೇ ಆಗಿತ್ತು.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಬ್ರಸೆಲ್ಸ್‌ಗೆ ಹೋಗಿ ಆರು ವಾರ ಇದ್ದೆವು. ಬಾಣಂತನದ ಕೆಲಸವೆಲ್ಲ ಹೆಂಡತಿಯದು. ನನ್ನ ಕೆಲಸ ಅಡ್ಡ ಬಾರದಿರುವುದು. ಹಾಗಾಗಿ ದಿನಾ ಬೆಳಿಗ್ಗೆ ಹತ್ತಕ್ಕೆ ಕೊಡೆ ಹಿಡಿದು ಹೊರಟು, ಚಾಕೊಲೇಟ್ ಅಂಗಡಿಗಳನ್ನು ತೋಟ ಸುತ್ತಿದಂತೆ ಸುತ್ತಿದೆ.

ಮೊದಲ ವಾರದಲ್ಲೇ ಮೋಸ ಹೋದೆ. ಹುಯ್ಯುವ ಹುಡುಗನ ಚಿತ್ರವಿದ್ದ ಡಬ್ಬಿ, ಒಂದಲ್ಲ, ಎರಡು. ಮಗಳು ಒಂದು ತುಂಡು ತಿಂದು, ಏನೂ ಮಾತಾಡದೆ ಡಬ್ಬಿಯ ಹಿಂದೆ ಬರೆದದ್ದನ್ನು ಓದಿ ಅರ್ಥ ಹೇಳಿದಳು. ‘ಕೊಕ್ಕೊ ಬೆಣ್ಣೆಯಲ್ಲದೆ ಬೇರೆ ಸಸ್ಯ ಕೊಬ್ಬೂ ಇದೆ’ ಎಂದಿತ್ತು. ಇದೇನು ಕಲಬೆರಕೆಯೇ ಎಂದರೆ ಅಲ್ಲವಂತೆ, ಕಾನೂನಿನಲ್ಲೇ ಅವಕಾಶವಿದೆಯಂತೆ. ಐರೋಪ್ಯ ಒಕ್ಕೂಟದ 2000ನೇ ಇಸವಿಯ ನಿಯಮದ ಪ್ರಕಾರ ಚಾಕೊಲೇಟಿನಲ್ಲಿ ಶೇಕಡಾ 5ರವರೆಗೆ ಬೇರೆ ಕೊಬ್ಬು ಸೇರಿಸಬಹುದು, ಆದರೆ ಡಬ್ಬಿಯ ಮೇಲೆ ಬರೆಯಲೇಬೇಕು. ಯಾವ ಯಾವ ಕೊಬ್ಬು ಎಂದು ಆರು ಹೆಸರಿನ ಪಟ್ಟಿಯಿದೆ. ಮಗಳು ಮೊಬೈಲಿನಲ್ಲಿ ಓದುತ್ತಾ ಹೋದಳು. ತಾಳೆ ಎಣ್ಣೆ, ಸಾಲವೃಕ್ಷದ ಬೀಜ, ಮಾವಿನ ಗೊರಟು... ಆಮೇಲೆ ಗಾರ್ಸೀನಿಯಾ ಇಂಡಿಕಾ. ಎಂದರೆ ನಮ್ಮ ಪುನರ್ಪುಳಿ! ನಮ್ಮ ಅಜ್ಜಿ ಮಳೆಗಾಲದಲ್ಲಿ ಹಿಮ್ಮಡಿ ಒಡೆದರೆ ಹಚ್ಚುತ್ತಿದ್ದ ಆ ಗಟ್ಟಿ ತುಪ್ಪಕ್ಕೆ ಬ್ರಸೆಲ್ಸ್‌ನ ಕಾನೂನಿನಲ್ಲಿ ಜಾಗವಿದೆ ಎಂದು ಕೇಳಿ ನನಗೆ ನಗು ತಡೆಯಲಿಲ್ಲ. ಮಗು ಎದ್ದಿತು. ಹೆಂಡತಿಯಿಂದ ಬೈಸಿಕೊಂಡೆ.

ಹಾಗಾಗಿ ನನ್ನ ಮೊದಲ ಮಾತು: ಡಬ್ಬಿಯ ಮುಂದಿನ ಚಿತ್ರ ಬಿಡಿ, ಹಿಂದಿನ ಸಣ್ಣಕ್ಷರ ಓದಿ. ಕೊಕ್ಕೊ ಬೆಣ್ಣೆ ನಮ್ಮ ಮೈಯ ಬಿಸಿಗಿಂತ ತುಸು ಕೆಳಗೆ ಕರಗುವ ವಸ್ತು. ಅದಕ್ಕೇ ಕೈಯಲ್ಲಿ ನಿಂತದ್ದು ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಬಾಯಲ್ಲಿ ಹೊರಳಿಸಿದ ಮೇಲೂ ಅಂಗುಳಕ್ಕೆ ಪದರವಾಗಿ ಅಂಟಿಕೊಂಡರೆ ಅಲ್ಲಿ ಬೇರೇನೋ ಇದೆ, ಅಥವಾ ಮಾಡಿದವನ ಕೈ ಸರಿಯಿಲ್ಲ.

ಇನ್ನೊಂದು ವಿಷಯ ತಿಳಿಯುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಬ್ರಸೆಲ್ಸ್‌ನ ಚಾಕೊಲೇಟ್ ಅಂಗಡಿಗಳಲ್ಲಿ ಹೆಚ್ಚಿನವರು ಚಾಕೊಲೇಟನ್ನು ಮಾಡುವುದಿಲ್ಲ, ಚಾಕೊಲೇಟಿನಿಂದ ಮಾಡುತ್ತಾರೆ. ಬೀಜ ಹುರಿದು, ಅರೆದು, ದಿನಗಟ್ಟಲೆ ತಿರುವಿ ಚಾಕೊಲೇಟ್ ಮಾಡುವವರು ಬೇರೆ. ಆಲ್ಸ್ಟ್ ಊರಿನ ಹತ್ತಿರ ವೀಜೆ ಎಂಬ ಹಳ್ಳಿಯಲ್ಲಿ ಕ್ಯಾಲೆಬೋ ಕಾರ್ಖಾನೆಯಿದೆ, ಜಗತ್ತಿನಲ್ಲೇ ದೊಡ್ಡದು. ಅಂಥಲ್ಲಿಂದ ಚಾಕೊಲೇಟ್ ಬರುತ್ತದೆ, ಅಂಗಡಿಯವರು ಅದನ್ನು ಕರಗಿಸಿ ಅಚ್ಚಿಗೆ ಹೊಯ್ದು ಹೂರಣ ತುಂಬುತ್ತಾರೆ. ಇದನ್ನು ಕೇಳಿದ ದಿನ ನನಗೆ ಸಿಟ್ಟು ಬಂದಿತ್ತು. ಇಷ್ಟು ದುಡ್ಡು ತೆಗೆದುಕೊಂಡು ಬೀಜವನ್ನೇ ಮುಟ್ಟುವುದಿಲ್ಲವೇ ಇವರು ಎಂದು. ಆಮೇಲೆ ಯೋಚಿಸಿದೆ. ಅಕ್ಕಸಾಲಿ ಚಿನ್ನ ಅಗೆಯುತ್ತಾನೆಯೇ? ಅವನ ಕೈಚಳಕ ಇರುವುದು ಕುಸುರಿಯಲ್ಲಿ. ಆದ್ದರಿಂದ ಅಕ್ಕಸಾಲಿಯ ಅಂಗಡಿಯಲ್ಲಿ ಕುಸುರಿ ನೋಡಿ. ಚಿಪ್ಪು ತೆಳ್ಳಗಿರಬೇಕು, ಕಚ್ಚಿದರೆ ಟಕ್ ಎನ್ನಬೇಕು, ಒಳಗಿನ ಹೂರಣ ಇದೇ ವಾರದ್ದಾಗಿರಬೇಕು. ‘ಎಷ್ಟು ದಿನ ಇಡಬಹುದು’ ಎಂದು ಕೇಳಿದಾಗ ಕೆನೆಯ ಹೂರಣಕ್ಕೆ ಎರಡು ಮೂರು ವಾರ ಎಂದರೆ ಕೊಳ್ಳಿ. ಒಂದು ವರ್ಷ ಎಂದು ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಮಾಡಿ ಹೊರಗೆ ಬನ್ನಿ.

ಬೀಜದಿಂದಲೇ ಶುರು ಮಾಡುವವರೂ ಇದ್ದಾರೆ. ಮಾರ್ಕೊಲಿನಿ ಅವರದ್ದು ಆ ಸಾಲಿನಲ್ಲಿ ದೊಡ್ಡ ಹೆಸರು. ಕೂಕೆಲ್‌ಬರ್ಗ್ ಕಡೆ ಫ್ರೆಡೆರಿಕ್ ಬ್ಲಾಂಡೀಲ್ ಇದ್ದಾರೆ. ಅಂಥಲ್ಲಿ ಪ್ರಲೀನ್ ಬಿಟ್ಟು ಏನೂ ತುಂಬದ ಸಾದಾ ಪಟ್ಟಿ ಕೊಳ್ಳಿ, ಅದರಲ್ಲಿ ಬೀಜ ಮಾತಾಡುತ್ತದೆ. ಎರಡು ದೇಶದ ಬೀಜದ ಎರಡು ಪಟ್ಟಿ ತಂದು ಒಂದೊಂದು ಚೂರು ಪಕ್ಕಪಕ್ಕದಲ್ಲಿಟ್ಟು ತಿಂದರೆ, ಚಿಕ್ಕಮಗಳೂರಿನ ಕಾಫಿಗೂ ಬೇರೆ ಕಡೆಯ ಕಾಫಿಗೂ ಇರುವ ವ್ಯತ್ಯಾಸದಂತೆ ತಿಳಿಯುತ್ತದೆ.

ಸಾಬ್ಲೋಂ ಚೌಕದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿ. ಗಾಜಿನ ಭರಣಿಯಲ್ಲಿ ಕೊಕ್ಕೊ ಬೀಜ ಅಲಂಕಾರಕ್ಕೆ ಇಟ್ಟಿದ್ದರು. ಮಾರುವ ಹುಡುಗನನ್ನು ಒಂದು ಬೀಜ ಕೊಡುವೆಯಾ ಎಂದು ಕೇಳಿದೆ. ಕೊಟ್ಟ. ಉಗುರಿನಿಂದ ಸಿಪ್ಪೆ ಬಿಡಿಸಿ, ಕಿಸೆಯಲ್ಲಿದ್ದ ಸಣ್ಣ ಚೂರಿಯಿಂದ ಉದ್ದಕ್ಕೆ ಸೀಳಿದೆ. ಒಳಗೆ ಕಂದು ಬಣ್ಣ, ಮೆದುಳಿನ ಹಾಗೆ ಬಿರುಕು ಬಿರುಕು. ಚೆನ್ನಾಗಿ ಹುದುಗು ಬಂದ ಬೀಜ. ಬೂದು ಬಣ್ಣವಿದ್ದರೆ ಹುದುಗೇ ಬಂದಿಲ್ಲ, ನೇರಳೆ ಇದ್ದರೆ ಅರ್ಧ ಬಂದಿದೆ. ನಾವು ಹಸಿ ಬೀಜವನ್ನು ಬಾಳೆ ಎಲೆ ಮುಚ್ಚಿ ಐದಾರು ದಿನ ರಾಶಿ ಹಾಕಿ, ನಡುನಡುವೆ ಮಗುಚಿ ಹಾಕಿ, ಆಮೇಲೆ ಬಿಸಿಲಿಗೆ ಒಣಗಿಸುವುದು ಈ ಬಣ್ಣಕ್ಕಾಗಿಯೇ. ಮೂರು ಕಿಲೋ ಹಸಿ ಬೀಜಕ್ಕೆ ಸುಮಾರು ಒಂದು ಕಿಲೋ ಒಣ ಬೀಜ. ಮಳೆಗಾಲದಲ್ಲಿ ಒಣಗಿಸುವ ಪಾಡು ಬೇಡವೆಂದು ನಮ್ಮಲ್ಲಿ ಹೆಚ್ಚಿನವರು ಹಸಿಯಾಗಿಯೇ ಮಾರಿಬಿಡುತ್ತಾರೆ.

ಹುಡುಗನಿಗೆ ಆಶ್ಚರ್ಯ. ನೀವು ಯಾರು ಎಂದು ಕೇಳಿದ. ಮೊಬೈಲ್ ತೆಗೆದು ನಮ್ಮ ಗಿಡದ ಫೋಟೊ ತೋರಿಸಿದೆ. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಹಣ್ಣು, ಪಕ್ಕದಲ್ಲಿ ಅಳಿಲು ತೂತು ಮಾಡಿದ ಇನ್ನೊಂದು. ಎಂಟು ವರ್ಷದಿಂದ ಚಾಕೊಲೇಟ್ ಮಾರುತ್ತಿದ್ದಾನಂತೆ, ಹಣ್ಣು ಕೊಂಬೆಯ ತುದಿಯಲ್ಲಿ ಬಿಡುತ್ತದೆ ಎಂದು ತಿಳಿದಿದ್ದನಂತೆ. ಒಳಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಮೂವರೂ ಸೇರಿ ಅಳಿಲಿನ ಫೋಟೊ ನೋಡಿದರು. ಎರಡು ಪ್ರಲೀನ್ ಕೊಟ್ಟು ದುಡ್ಡು ಬೇಡವೆಂದರು. ನಾನು ತಿಂದದ್ದರಲ್ಲಿ ಅವೇ ಒಳ್ಳೆಯವು. ಇದರಲ್ಲಿ ಪುಕ್ಕಟೆ ಸಿಕ್ಕಿದ್ದರ ರುಚಿ ಎಷ್ಟೋ ತಿಳಿಯದು.

ಕೂಕೆಲ್‌ಬರ್ಗ್‌ನಲ್ಲಿ ಹಳೆಯ ಬಿಸ್ಕತ್ ಕಾರ್ಖಾನೆಯೊಳಗೆ ಬೆಲ್ಜಿಯನ್ ಚಾಕೊಲೇಟ್ ವಿಲೇಜ್ ಎಂಬ ಸಂಗ್ರಹಾಲಯವಿದೆ, 2014ರಲ್ಲಿ ತೆರೆದದ್ದು. ಮೆಟ್ರೊದಲ್ಲಿ ಸಿಮೋನಿಸ್‌ನಲ್ಲಿ ಇಳಿದು ನಡೆಯಬಹುದು. ಅಲ್ಲಿ ಗಾಜಿನ ಮನೆಯೊಳಗೆ ಬಿಸಿ ಹಬೆ ಕೊಟ್ಟು ಕೊಕ್ಕೊ ಗಿಡ ಬೆಳೆಸಿದ್ದಾರೆ. ಟಿಕೆಟ್ ಕೊಟ್ಟು ಒಳಗೆ ಹೋದೆ. ಪರಿಚಯದವರನ್ನು ಆಸ್ಪತ್ರೆಯಲ್ಲಿ ನೋಡಿದ ಹಾಗಾಯಿತು.

ಖರ್ಚಿನ ಲೆಕ್ಕ

ತೋಟದಮನೆಯವರ ಬರಹ ಚೆನ್ನಾಗಿದೆ, ಆದರೆ ಬೀಜದಿಂದ ಮಾಡಿದ್ದು ಎಂಬ ಒಂದು ಮಾತಿಗೆ ಎಷ್ಟು ಪಟ್ಟು ಬೆಲೆ ಕೊಡಬೇಕು ಎಂದೂ ಹೇಳಬೇಕಿತ್ತು. 19 ಜನ ಸಹೋದ್ಯೋಗಿಗಳಿಗೆ ಮಾರ್ಕೊಲಿನಿಯಲ್ಲಿ ಕೊಂಡರೆ ಮೇಡಂ ಅವರ ಸಂಬಳ ಮುಗಿಯುತ್ತದೆ. ಸಹೋದ್ಯೋಗಿಗಳಿಗೆ ಲಿಯೊನಿಡಾಸ್ ಅಂಗಡಿಯದ್ದು ಸಾಕು. ಕಿಲೋ ಲೆಕ್ಕದಲ್ಲಿ ತೂಗಿ ಡಬ್ಬಿಗೆ ತುಂಬಿಕೊಡುತ್ತಾರೆ, ಮಾರಾಟ ಜೋರಾಗಿರುವುದರಿಂದ ತಾಜಾ ಇರುತ್ತದೆ. ಅವರ ಮನೋಂ ಕೆಫೆ ಎಂಬುದರಲ್ಲಿ ಬಿಳಿ ಚಾಕೊಲೇಟಿನೊಳಗೆ ಕಾಫಿ ಕೆನೆ ಮತ್ತು ಹೇಝಲ್‌ನಟ್ ಇರುತ್ತದೆ. ಮೈಸೂರಿನವರಿಗೆ ಹೇಳಿ ಮಾಡಿಸಿದ್ದು.

ತೋಟದಮನೆ, ಪುತ್ತೂರು ತಾಲೂಕು

ಖರ್ಚಿನವರು ಹೇಳಿದ್ದು ಸರಿ. ಹಂಚುವುದಕ್ಕೆ ಲಿಯೊನಿಡಾಸ್, ಒಬ್ಬರೇ ಕೂತು ತಿನ್ನುವುದಕ್ಕೆ ಬೇರೆ. ನಮ್ಮ ಮನೆಯಲ್ಲೂ ಸಮಾರಂಭದ ಊಟದ ಅಕ್ಕಿ ಬೇರೆ, ಮನೆಯವರು ಉಣ್ಣುವ ಅಕ್ಕಿ ಬೇರೆ.

ಬೆಲೆಯ ಬಗ್ಗೆ ಒಂದು ಮಾತು. 2024ರಲ್ಲಿ ಕೊಕ್ಕೊ ಧಾರಣೆ ಜಾಗತಿಕ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶ ಸೇರಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುತ್ತವೆ. ಅಲ್ಲಿ ಮಳೆ ಕೆಟ್ಟು, ರೋಗ ಬಂದು ಬೆಳೆ ನೆಲಕಚ್ಚಿತು. ನಮ್ಮ ಅಂಗಳದಲ್ಲೂ ಹಸಿ ಬೀಜಕ್ಕೆ ಹಿಂದೆಂದೂ ಕಾಣದ ಧಾರಣೆ. ಕಡಿದವರೆಲ್ಲ ಮತ್ತೆ ಗಿಡ ಕೇಳಿಕೊಂಡು ಬಂದರು. ಆಮೇಲೆ ಧಾರಣೆ ಇಳಿಯಿತು. ಅಂಗಡಿಯ ಬೆಲೆ ಇಳಿದದ್ದನ್ನು ಮಾತ್ರ ನಾನು ಕಾಣೆ.

ಕುವೆಂಪುನಗರದವಳು

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಸಂದೇಹ. ಬೆಳ್ಳಗಾಗುವುದು ಏಕೆ? ತರುವಾಗ ಏನು ಮಾಡಬೇಕು? ನಮ್ಮ ವಿಮಾನ ಕೊಲ್ಲಿಯಲ್ಲಿ ಆರು ಗಂಟೆ ನಿಲ್ಲುತ್ತದೆ.

ಲೂವೆನ್ ವಾಸಿ

ಎರಡು ರೀತಿಯ ಬಿಳುಪು. ಬಿಸಿಗೆ ಕರಗಿದ ಕೊಕ್ಕೊ ಬೆಣ್ಣೆ ಮೇಲಕ್ಕೆ ಬಂದು ಮತ್ತೆ ಹೆಪ್ಪುಗಟ್ಟಿದರೆ ಒಂದು. ತೇವಕ್ಕೆ ಸಕ್ಕರೆ ಕರಗಿ, ಆರಿದ ಮೇಲೆ ಹರಳಾಗಿ ಉಳಿದರೆ ಇನ್ನೊಂದು. ಎರಡೂ ಕೆಟ್ಟುಹೋದ ಲಕ್ಷಣವಲ್ಲ, ತಿಂದರೆ ಏನೂ ಆಗದು. ಆದರೆ ಆ ನುಣುಪು ಹೋಯಿತೆಂದರೆ ಹೋಯಿತು. ಕೈಚೀಲದಲ್ಲಿ ಇಟ್ಟುಕೊಳ್ಳಿ, ಕೊಲ್ಲಿಯ ಬಿಸಿಲಿನಲ್ಲಿ ಸಾಮಾನು ಸಾಗಿಸುವ ಗಾಡಿಗೆ ಕೊಡಬೇಡಿ. ಕೊಳ್ಳುವುದನ್ನು ಕೊನೆಯ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮೊದಲೆರಡು ದಿನ ಬಿಡಿ ಬಿಡಿಯಾಗಿ ತಿಂದು ನೋಡುವುದಕ್ಕೆ.

ತೋಟದಮನೆ, ಪುತ್ತೂರು ತಾಲೂಕು

ಊರಿಗೆ ಬಂದ ಮೇಲೆ ಫ್ರಿಜ್ಜಿನಲ್ಲಿಡಲೇಬೇಕಾದರೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೆಳಗಿನ ಅಟ್ಟದಲ್ಲಿಡಿ. ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಡಬ್ಬಿಯ ಹೊರಮೈ ಬೆವರಿ, ಆ ಬೆವರು ಆರಿದ ಮೇಲೆ ತೆರೆಯಿರಿ. ಇಲ್ಲವಾದರೆ ಬೆವರುವುದು ಚಾಕೊಲೇಟ್. ಒಗ್ಗರಣೆ ಸಾಮಾನಿನ ಪಕ್ಕ ಇಡಬೇಡಿ. ನನ್ನ ಹೆಂಡತಿ ಇಂಗಿನ ಡಬ್ಬಿಯ ಪಕ್ಕ ಇಟ್ಟಿದ್ದಳು. ಹೆಚ್ಚು ಹೇಳುವುದಿಲ್ಲ.

ಕುವೆಂಪುನಗರದವಳು

ಹೋಗಿ ಬಂದೆ. ವರದಿ ಒಪ್ಪಿಸದಿದ್ದರೆ ತಪ್ಪಾಗುತ್ತದೆ.

ಮೊದಲ ದಿನ ಏನೂ ಕೊಳ್ಳಲಿಲ್ಲ. ಐದು ಅಂಗಡಿ, ಐದು ಪ್ರಲೀನ್. ಒಂದೇ ಒಂದು ಕೊಡಿ ಎಂದು ಕೇಳಲು ಸಂಕೋಚವಾಗಿತ್ತು. ಯಾರೂ ಮುಖ ಸಿಂಡರಿಸಲಿಲ್ಲ. ಕೈಗವಸು ಹಾಕಿಕೊಂಡು, ಆ ಒಂದನ್ನೇ ಪುಟ್ಟ ಕಾಗದದ ಮೇಲಿಟ್ಟು, ಕಿಲೋಗಟ್ಟಲೆ ಕೊಂಡವರಿಗೆ ಕೊಡುವ ಹಾಗೆಯೇ ಕೊಟ್ಟರು. ಸಾಬ್ಲೋಂ ಚೌಕದಲ್ಲಿ ಮಳೆ ಹಿಡಿದುಕೊಂಡಿತು. ಚರ್ಚಿನ ಬಾಗಿಲ ಬಳಿ ನಿಂತು ನಾಲ್ಕನೆಯದನ್ನು ತಿಂದೆ. ತೋಟದಮನೆಯವರು ಹೇಳಿದ ‘ಟಕ್’ ಕೇಳಿಸಿತು. ನಿಜವಾಗಿ ಕೇಳಿಸಿತು, ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು.

‘ಸಾಂಜ್ ಆಲ್ಕೋಲ್’ ಎಂಬುದನ್ನು ವಿಮಾನದಿಂದಲೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅಂಗಡಿಯಾಕೆ ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಮದ್ಯ, ಮೊಟ್ಟೆ, ಜೆಲಾಟಿನ್ ಮೂರೂ ಇಲ್ಲದವು ಯಾವುವು ಎಂದು ಮುದ್ರಿಸಿದ ಹಾಳೆಯನ್ನೇ ಕೈಗಿತ್ತರು. ನನ್ನ ಫ್ರೆಂಚ್ ಅಲ್ಲಿಗೆ ಮುಗಿಯಿತು.

ಶಾಖೆಯವರಿಗೆ ಲಿಯೊನಿಡಾಸ್, ಒಂದು ಕಿಲೋ. ಹತ್ತು ನಿಮಿಷದಲ್ಲಿ ಖಾಲಿ. ಮನೋಂ ಯಾರ ಪಾಲಿಗೆ ಎಂದು ನಗದು ವಿಭಾಗದವರಿಗೂ ಸಾಲ ವಿಭಾಗದವರಿಗೂ ಸಣ್ಣ ಜಗಳ. ನಾದಿನಿಗೆ ನಾಯ್‌ಹೌಸ್‌ನ ಬಾಲೊತಾಂ ಒಂದು, ಹಳೆಯ ಸಾಲ ತೀರಿಸಿದ ಲೆಕ್ಕ. ಈ ಸಲ ಕರವಸ್ತ್ರ ಹೊರಗೆ ಬರಲಿಲ್ಲ, ಡಬ್ಬಿ ಅವಳ ಕೋಣೆಯೊಳಗೆ ಹೋಯಿತು.

ಅತ್ತೆಗೆ ಒರಾಂಜೆಟ್. ಕನ್ನಡಕ ಹಾಕಿಕೊಂಡು, ಮೇಲೆ ಕೆಳಗೆ ಮಾಡಿ ನೋಡಿ, ತುದಿ ಕಚ್ಚಿ, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಮ್ಮ ಕಿತ್ತಳೆ ಸಿಪ್ಪೆ ಗೊಜ್ಜಿಗೆ ಬೆಲ್ಲ ಹೆಚ್ಚಾದ ಹಾಗಿದೆ’ ಎಂದರು. ಇದು ಹೊಗಳಿಕೆಯೋ ಅಲ್ಲವೋ ತಿಳಿಯದೆ ಡಬ್ಬಿಯನ್ನು ಒಳಗಿಡಲು ಹೋದೆ. ‘ಇಲ್ಲೇ ಇರಲಿ’ ಎಂದರು. ಈಗ ಅದು ದೇವರ ಮನೆಯ ಪಕ್ಕದ ಗೂಡಿನಲ್ಲಿದೆ, ಅವರ ಮಾತ್ರೆ ಡಬ್ಬಿಯ ಜೊತೆ.

ನನಗೆ ಎಂದು ತಂದದ್ದು ಎರಡು ಸಾದಾ ಪಟ್ಟಿ, ಎರಡು ದೇಶದ ಬೀಜದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಕ್ಕಪಕ್ಕ ಇಟ್ಟು ತಿಂದೆ. ಒಂದರಲ್ಲಿ ಒಣದ್ರಾಕ್ಷಿಯ ಹುಳಿ, ಇನ್ನೊಂದರಲ್ಲಿ ಹುರಿಗಡಲೆಯ ವಾಸನೆ. ಎರಡರಲ್ಲೂ ಬೀಜ ಮತ್ತು ಸಕ್ಕರೆ ಬಿಟ್ಟರೆ ಬೇರೇನೂ ಇಲ್ಲ ಎಂದು ಹಿಂದಿನ ಸಣ್ಣಕ್ಷರ ಹೇಳುತ್ತಿತ್ತು.

ತೋಟದಮನೆಯವರೇ, ಎರಡರಿಂದಲೂ ಒಂದೊಂದು ಸಾಲು ನಿಮಗೆಂದು ಎತ್ತಿಟ್ಟಿದ್ದೇನೆ. ಸ್ಟೀಲ್ ಡಬ್ಬಿಯಲ್ಲಿ, ಇಂಗಿನಿಂದ ದೂರ. ಡಿಸೆಂಬರಿನಲ್ಲಿ ಅತ್ತೆಯನ್ನು ಕರೆದುಕೊಂಡು ಸುಬ್ರಹ್ಮಣ್ಯಕ್ಕೆ ಬರುತ್ತೇವೆ. ಪುತ್ತೂರು ದೂರವಿಲ್ಲವಲ್ಲ.

ತೋಟದಮನೆ, ಪುತ್ತೂರು ತಾಲೂಕು

ದೂರವಿಲ್ಲ. ಬರುವ ಎರಡು ದಿನ ಮೊದಲು ಇಲ್ಲಿ ತಿಳಿಸಿ, ಊಟ ನಮ್ಮಲ್ಲೇ. ಡಿಸೆಂಬರಿನಲ್ಲಿ ಕೊಕ್ಕೊ ಕೊಯ್ಲು ಇರುತ್ತದೆ. ಅಳಿಲು ಬಿಟ್ಟರೆ ನಿಮ್ಮ ಅತ್ತೆಯವರಿಗೆ ಹಳದಿಯಾದ ಎರಡು ಹಣ್ಣು ತೆಗೆದಿಡುತ್ತೇನೆ. ಅದರಲ್ಲಿ ಮೊಟ್ಟೆಯೂ ಇಲ್ಲ, ಮದ್ಯವೂ ಇಲ್ಲ. ಬೀಜ ಅಗಿಯಬಾರದು ಎಂದು ಮೊದಲೇ ಹೇಳಿಡಿ, ವಿಪರೀತ ಕಹಿ. ಚೀಪಿ ಉಗುಳಬೇಕು.